ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ ಕಾಲ: ಮುರಿದದ್ದು ಎಲ್ಲಿ, ಯಾಕೆ?

ಕೊಬ್ಬರಿ ರೇಟು, ಶುಂಠಿ ಕೊಳೆರೋಗ ಎಲ್ಲ ಪಕ್ಕಕ್ಕಿಟ್ಟು ಈ ಸಲ ಗಾಡಿ ವಿಚಾರ ಬರೀತಿದೀನಿ. ಸ್ವಲ್ಪ ಉದ್ದ ಇದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದು ಕೂತು ಓದಿ.

ಬರೆಯೋಕೆ ಕಾರಣ ಇದೆ. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು ಕಡೆ ನಮ್ಮ ಹುಡುಗರು ಹಳೇ ಜೀಪು ತಂದು, ದೊಡ್ಡ ಟೈರು ಹಾಕಿಸಿ, ಪ್ಲೇಟು ಎತ್ತರಿಸಿ, ಕೆಲವರು ಎಂಜಿನ್ನೇ ಬದಲಾಯಿಸಿ ಗುಡ್ಡ ಹತ್ತಿಸೋದು ಜಾಸ್ತಿಯಾಗಿದೆ. ಆಸೆ ಇರಬೇಕು, ಬೇಡ ಅನ್ನಲ್ಲ. ಆದರೆ ಫೋನ್ ಬರೋದು ಗಾಡಿ ನಿಂತ ಮೇಲೆ. "ಅಣ್ಣಾ, ಟ್ರ್ಯಾಕ್ಟರ್ ತಗೊಂಡು ಬಾ" ಅಂತ. ಹೋಗಿ ಎಳೆದು ತಂದ ಮೇಲೆ ಎಲ್ಲರೂ ಹೇಳೋದು ಒಂದೇ ಮಾತು: "ಹೊಸದಾಗಿ ಮಾಡಿಸಿದ್ದು ಅಣ್ಣಾ, ಹೆಂಗೆ ಮುರೀತೋ ಗೊತ್ತಿಲ್ಲ."

ಹೆಂಗೆ ಮುರೀತು ಅನ್ನೋದಕ್ಕೆ ಉತ್ತರ ನಮ್ಮ ಸೀಮೆಯ ಜೀಪುಗಳ ಇತಿಹಾಸದಲ್ಲೇ ಇದೆ. ಗಾಡಿಯಲ್ಲಿ ಒಂದು ಜಾಗ ಗಟ್ಟಿ ಮಾಡಿದ್ರೆ ಮುರಿಯೋದು ನಿಲ್ಲಲ್ಲ, ಅದರ ಪಕ್ಕದ ಜಾಗಕ್ಕೆ ಹೋಗುತ್ತೆ. ಹಿಂದಿನವರು ಇದನ್ನ ಬಲ್ಲವರು. ಅವರು ಮುರಿಯದ ಗಾಡಿ ಮಾಡೋಕೆ ಹೋಗಲಿಲ್ಲ. ಮುರಿಯೋದು ಎಲ್ಲಿ ಅಂತ ತಾವೇ ಗೊತ್ತು ಮಾಡಿಕೊಳ್ತಿದ್ರು.

ಎತ್ತಿನ ಗಾಡಿಯಿಂದಲೇ ಶುರು ಮಾಡ್ತೀನಿ. ಚಕ್ರ ಅಚ್ಚಿನಿಂದ ಜಾರಿ ಹೋಗದ ಹಾಗೆ ಹಿಡಿಯೋದು ಕಡಾಣಿ, ಬೆರಳಿನಷ್ಟು ದಪ್ಪದ ಕೀಲು. ಅದು ಸವೆದ್ರೆ ಕಮ್ಮಾರನ ಹತ್ರ ಒಂದು ಗಳಿಗೆಯಲ್ಲಿ ಹೊಸದು. ಅಚ್ಚು ಮುರಿದ್ರೆ ಬಡಗಿ, ಮರ, ವಾರದ ಕೆಲಸ. ಅದಕ್ಕೇ ಹಿರಿಯರು ಹೊರಡೋ ಮುಂಚೆ ಕಡಾಣಿ ಮುಟ್ಟಿ ನೋಡೋರು, ಕೀಲೆಣ್ಣೆ ಹಾಕೋರು. ಬೇಸಿಗೆಯಲ್ಲಿ ಮರ ಒಣಗಿ ಚಕ್ರದ ಕಬ್ಬಿಣದ ಪಟ್ಟಿ ಸಡಿಲ ಆದ್ರೆ ಚಕ್ರ ತಗೊಂಡು ಹೋಗಿ ಕೆರೆ ನೀರಲ್ಲಿ ನೆನೆ ಹಾಕೋರು. ಮರ ಉಬ್ಬಿ ಪಟ್ಟಿ ಬಿಗಿಯಾಗ್ತಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆ ಮೇಲೆ ಭಾರತ ಯುದ್ಧದ ರಥಗಳನ್ನ ನೀವೆಲ್ಲ ನೋಡಿದೀರಿ. ಕರ್ಣನ ರಥದ ಚಕ್ರ ನೆಲ ನುಂಗಿದ ಕಥೆ ಕೇಳದವರಿಲ್ಲ. ರಸ್ತೆ ಬಿಟ್ಟ ಜಾಗದಲ್ಲಿ ಗಾಡಿ ಕೈ ಕೊಡೋದು ನಮಗೆ ಅಷ್ಟು ಹಳೇ ವಿಚಾರ.

ಈಗ ಜೀಪು. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1940ರಲ್ಲಿ, ಅಮೆರಿಕದ ಸೇನೆ ಒಂದು ಸಣ್ಣ ನಾಲ್ಕು ಚಕ್ರ ಎಳೆಯೋ ಗಾಡಿ ಬೇಕು ಅಂತ ಕಂಪನಿಗಳನ್ನ ಕೇಳಿತು. ಮೊದಲು ಅವರು ಹಾಕಿದ ತೂಕದ ಮಿತಿ 1,300 ಪೌಂಡ್, ಅಂದ್ರೆ ಸುಮಾರು 590 ಕೆಜಿ. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ 49 ದಿನದಲ್ಲಿ ಮೊದಲ ಗಾಡಿ ಮಾಡಿ ಕೊಟ್ಟಿತು. ಆ ತೂಕದಲ್ಲಿ ಗಾಡಿ ಮಾಡೋಕಾಗಲ್ಲ ಅಂತ ಗೊತ್ತಾಗಿ ಮಿತಿ ಏರಿಸಿದ್ರು. ಕೊನೆಗೆ ಯುದ್ಧಕ್ಕೆ ಹೋದದ್ದು ವಿಲ್ಲಿಸ್ ಎಂಬಿ. ಅದೇ ಗಾಡಿಯನ್ನ ಫೋರ್ಡ್ ಕಂಪನಿಯೂ ಮಾಡಿತು. 1941ರಿಂದ 1945ರ ಒಳಗೆ ಎರಡೂ ಸೇರಿ 6 ಲಕ್ಷಕ್ಕೂ ಮೇಲೆ ಆದವು.

ಆ ಜೀಪಿನ ತೂಕ ಸುಮಾರು 1,100 ಕೆಜಿ. 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಎಚ್‌ಪಿ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಅದರ ಗೇರ್‌ಬಾಕ್ಸು, ಕ್ರಾಸು, ಆಕ್ಸೆಲ್, ಬ್ರೇಕು, ಪ್ಲೇಟು, ರೇಡಿಯೇಟರು ಎಲ್ಲ ಆ ತೂಕಕ್ಕೆ, ಆ ಶಕ್ತಿಗೆ ಹೊಂದಿಸಿ ಮಾಡಿದ್ದು. ಒಂದು ಜೊತೆ ಎತ್ತಿಗೆ ಒಂದು ನೊಗ ಇದ್ದ ಹಾಗೆ.

ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟ ಜೀಪುಗಳು ಹರಾಜಿನಲ್ಲಿ ಜನರ ಕೈಗೆ ಬಂದವು. ಇತ್ತ 1945ರ ಅಕ್ಟೋಬರ್ 2ರಂದು ಮಹೀಂದ್ರ ಅಂಡ್ ಮೊಹಮ್ಮದ್ ಅನ್ನೋ ಕಂಪನಿ ಶುರುವಾಯ್ತು. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಅಣ್ಣತಮ್ಮಂದಿರು, ಜೊತೆಗೆ ಮಲಿಕ್ ಗುಲಾಮ್ ಮೊಹಮ್ಮದ್. ದೇಶ ಇಬ್ಭಾಗ ಆದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದ್ರು. 1948ರಲ್ಲಿ ಇಲ್ಲಿನ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಅಂತಾಯ್ತು. ಇವರು ವಿಲ್ಲಿಸ್ ಜೀಪಿನ ಭಾಗಗಳನ್ನ ತರಿಸಿ ಇಲ್ಲಿ ಜೋಡಿಸೋಕೆ ಶುರು ಮಾಡಿದ್ರು, ಆಮೇಲೆ ಇಲ್ಲೇ ತಯಾರಿಸಿದ್ರು. ನಮ್ಮ ಕಡೆ "ಎತ್ತರದ ಬಾನೆಟ್ ಜೀಪು" ಅಂತ ಕರೀತೀವಲ್ಲ, ಸಿಜೆ-3ಬಿ, ಅದು ಈ ಸಾಲಿನದ್ದು. ಅದರ ಎಂಜಿನ್‌ನ ಒಳ ವಾಲ್ವು ಹೆಡ್‌ನಲ್ಲಿ ಕೂರೋದರಿಂದ ಎಂಜಿನ್ ಎತ್ತರ ಆಯ್ತು, ಎಂಜಿನ್‌ಗೋಸ್ಕರ ಬಾನೆಟ್ಟೂ ಎತ್ತರ ಆಯ್ತು.

ನಮ್ಮ ಮೂರು ಊರುಗಳ ನಡುವೆಯೇ ಮೂರು ತರದ ನೆಲ ಇದೆ. ಅರಸೀಕೆರೆ ಕಡೆ ತೆಂಗು, ರಾಗಿ, ಕೆಂಪು ಮಣ್ಣು, ಕಲ್ಲು, ಧೂಳು. ಹಳೇಬೀಡು ಸುತ್ತ ಕೆರೆ ಬಯಲು, ಮಳೆ ಬಿದ್ದ ಮೇಲೆ ಕಾಲಿಟ್ಟರೆ ಮೊಣಕಾಲವರೆಗೆ ಎಳೆಯೋ ಗೋಡು. ಬೇಲೂರು ದಾಟಿ ಅರೇಹಳ್ಳಿ, ಬಿಕ್ಕೋಡು ಕಡೆ ಹೋದ್ರೆ ಕಾಫಿ ತೋಟ, ಏರು, ಹಳ್ಳ, ಜಾರೋ ಮಣ್ಣು. ಧೂಳು ಎಂಜಿನ್ ತಿನ್ನುತ್ತೆ, ಗೋಡು ಕ್ಲಚ್ಚು ಮತ್ತು ಆಕ್ಸೆಲ್ ತಿನ್ನುತ್ತೆ, ನೀರು ಬ್ರೇಕು ಮತ್ತು ಬೇರಿಂಗ್ ತಿನ್ನುತ್ತೆ. ಬೇಲೂರು ಕಡೆ ಚೆನ್ನಾಗಿ ಓಡಿದ ಜೀಪು ಅರಸೀಕೆರೆಗೆ ಬಂದು ಏರ್ ಕ್ಲೀನರ್ ನೋಡದೆ ಎಂಜಿನ್ ಕಳ್ಕೊಂಡದ್ದುಂಟು.

ಪೆಟ್ರೋಲ್ ಜೀಪಿನ ಕಾಲದಲ್ಲಿ ತೊಂದರೆಗಳು ಸಣ್ಣವು. ಹಳ್ಳದಲ್ಲಿ ಇಳಿಸಿದ್ರೆ ಫ್ಯಾನು ನೀರು ಎರಚಿ ಡಿಸ್ಟ್ರಿಬ್ಯೂಟರ್ ನೆನೆದು ನಿಂತೇ ಹೋಗೋದು. ಬಟ್ಟೆಯಲ್ಲಿ ಒರೆಸಿ ಒಣಗಿಸಿದ್ರೆ ಮತ್ತೆ ಸ್ಟಾರ್ಟು. ತಿಳಿದವರು ನೀರಿಗಿಳಿಯೋ ಮುಂಚೆ ಫ್ಯಾನ್ ಬೆಲ್ಟ್ ತೆಗೆದಿಡೋರು. ಬೇಸಿಗೆಯಲ್ಲಿ ಪಂಪಿನ ಹತ್ರ ಪೆಟ್ರೋಲ್ ಆವಿಯಾಗಿ ನಿಂತ್ರೆ ಒದ್ದೆ ಬಟ್ಟೆ ಸುತ್ತೋರು. ಟ್ಯಾಂಕು ಸೋರಿದ್ರೆ ಮೈ ಸೋಪು ತಿಕ್ಕಿ ಮುಚ್ಚೋರು. ರೇಡಿಯೇಟರ್ ಸಣ್ಣಗೆ ಸೋರಿದ್ರೆ ಅರಿಶಿನ ಪುಡಿ. ಊರು ಸೇರೋಕೆ ಇದೆಲ್ಲ ಸಾಕು. ಊರು ಸೇರಿದ ಮೇಲೂ ಹಾಗೇ ಬಿಟ್ರೆ ಅರಿಶಿನವೇ ರೇಡಿಯೇಟರ್ ಕಟ್ಟಿಸುತ್ತೆ.

ಆಮೇಲೆ ಬಂತು 1973. ಆ ವರ್ಷ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಎಣ್ಣೆ ಕೊಡೋದನ್ನ ಬಿಗಿ ಮಾಡಿದವು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸು ಇದ್ದದ್ದು ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ರ ಹೋಯ್ತು. ಪೆಟ್ರೋಲ್ ಜೀಪು ಇಟ್ಟವನಿಗೆ ಗಾಡಿ ಓಡಿಸೋದೇ ಭಾರ ಆಯ್ತು. ಡೀಸೆಲ್ ಅಗ್ಗ ಇತ್ತು. ಡೀಸೆಲ್ ಎಂಜಿನ್ ಎಲ್ಲಿತ್ತು? ಟ್ರ್ಯಾಕ್ಟರ್‌ನಲ್ಲಿ.

1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದ್ದವು. ಅದರ ಬಿ-275 ಟ್ರ್ಯಾಕ್ಟರ್ ಹಳಬರಿಗೆಲ್ಲ ಗೊತ್ತು. ಆ ಟ್ರ್ಯಾಕ್ಟರ್‌ನ ಎಂಜಿನ್ನಿನಿಂದ ಹುಟ್ಟಿದ ಸುಮಾರು 2.3 ಲೀಟರ್ ಡೀಸೆಲ್ ಎಂಜಿನ್ನು 1970ರ ದಶಕದಲ್ಲಿ ಕಂಪನಿಯ ಜೀಪಿಗೇ ಬಂತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2,112 ಸಿಸಿ ಡೀಸೆಲ್ ಎಂಜಿನ್ ಬಂತು. ಎಂಎಂ-540 ಜೀಪಿನಲ್ಲಿ ಇದ್ದದ್ದು ಅದು. ಕಂಪನಿ ಮಾಡಿದ್ದನ್ನ ನೋಡಿ ವರ್ಕ್‌ಶಾಪ್‌ಗಳೂ ಶುರು ಮಾಡಿದವು. ಹಳೇ ಪೆಟ್ರೋಲ್ ಜೀಪಿನ ಎಂಜಿನ್ ಇಳಿಸೋದು, ಡೀಸೆಲ್ ಕೂರಿಸೋದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ಸಾಮಾನು ತರೋದು, ಉಳಿದದ್ದು ಲೇತ್‌ನಲ್ಲಿ ಮಾಡಿಸೋದು.

ಇಲ್ಲಿಂದ ಕೇಳಿ. ಮುರಿಯೋ ಜಾಗ ಹೆಂಗೆ ಸರೀತು ಅಂತ.

ಮೊದಲನೇದು ತೂಕ. ಡೀಸೆಲ್ ಎಂಜಿನ್ ಪೆಟ್ರೋಲಿನದ್ದಕ್ಕಿಂತ ಭಾರ. ಮುಂದಿನ ಪ್ಲೇಟು ಕುಗ್ಗಿತು, ಸೆಂಟರ್ ಬೋಲ್ಟ್ ಕಟ್ಟಾಗೋಕೆ ಶುರುವಾಯ್ತು. ಸೆಂಟರ್ ಬೋಲ್ಟ್ ಹೋದ್ರೆ ಹೌಸಿಂಗ್ ಒಂದು ಪಕ್ಕ ಹಿಂದಕ್ಕೆ ಸರಿದು ಗಾಡಿ ಸೀದಾ ಹೋಗಲ್ಲ. ದಾರಿಯಲ್ಲಿ ಮಾಡೋದು ಇಷ್ಟೇ: ಜಾಕಿ ಕೊಟ್ಟು ಹೌಸಿಂಗ್ ಜಾಗಕ್ಕೆ ತಂದು, ಯು ಬೋಲ್ಟ್ ಬಿಗಿ ಮಾಡಿ, ಸರಪಳಿಯಲ್ಲಿ ಚಾಸಿಗೆ ಕಟ್ಟಿ ಮೆಲ್ಲಗೆ ಬರೋದು. ಇದಕ್ಕೆ ಅಂತ ಒಂದು ಪ್ಲೇಟು ಜಾಸ್ತಿ ಹಾಕಿಸಿದ್ರು. ಪ್ಲೇಟು ಗಟ್ಟಿಯಾಯ್ತು, ಆ ಕುಲುಕಾಟ ಎಲ್ಲ ಚಾಸಿಗೆ ಹೋಯ್ತು, ಪ್ಲೇಟಿನ ಬ್ರಾಕೆಟ್ ಹತ್ರ ಚಾಸಿ ಬಿರುಕು ಬಿಡ್ತು.

ಎರಡನೇದು ವೇಗ. ಇದಕ್ಕೆ ಸಣ್ಣ ಲೆಕ್ಕ ಹಾಕೋಣ. ಸಿಜೆ-3ಬಿಯ ಕ್ರೌನ್ ಪಿನಿಯನ್ ಅನುಪಾತ 5.38. ಅಂದ್ರೆ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. 6.00-16 ಟೈರು ಒಂದು ಸುತ್ತಿಗೆ ಸುಮಾರು 2.27 ಮೀಟರ್ ಹೋಗುತ್ತೆ. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತುತ್ತಿತ್ತು, ಗಂಟೆಗೆ 100 ಕಿ.ಮೀ. ಲೆಕ್ಕ ಬರುತ್ತೆ. ಟ್ರ್ಯಾಕ್ಟರ್ ಎಂಜಿನ್ನನ್ನ ಅದು ಹೊಲದಲ್ಲಿ ಓಡೋ 2,000 ಸುತ್ತಿನಲ್ಲೇ ಇಟ್ಟರೆ 50 ಕಿ.ಮೀ. ಅಷ್ಟೇ. ಅದಕ್ಕೇ ಜನ ಗವರ್ನರ್ ಬಿಗಿ ಮಾಡಿಸಿ ಎಂಜಿನ್ ಚೀರಿಸಿದ್ರು. ಎಂಜಿನ್ ಅಲುಗಾಟಕ್ಕೆ ಫೌಂಡೇಶನ್ ರಬ್ಬರು ಹರೀತು. ರಬ್ಬರು ಹರಿದು ಎಂಜಿನ್ ಮುಂದಕ್ಕೆ ವಾಲಿದ್ರೆ ಫ್ಯಾನು ಹೋಗಿ ರೇಡಿಯೇಟರ್ ಸೀಳೋದು. ರೇಡಿಯೇಟರ್ ಸೀಳಿದ್ದು ಅಂತ ರೇಡಿಯೇಟರ್ ಬದಲಾಯಿಸಿದವರಿಗೆ ಎರಡು ತಿಂಗಳಿಗೆ ಮತ್ತೆ ಅದೇ ಕೆಲಸ. ಕಾರಣ ಇದ್ದದ್ದು ಒಂದು ಅಂಗೈ ಅಗಲದ ರಬ್ಬರಿನಲ್ಲಿ.

ಮೂರನೇದು ಜೋಡಣೆ. ಬೇರೆ ಎಂಜಿನ್ನಿಗೆ ಹಳೇ ಗೇರ್‌ಬಾಕ್ಸ್ ಕೂರಿಸೋಕೆ ಮಧ್ಯೆ ಒಂದು ದಪ್ಪ ಪ್ಲೇಟು ಹಾಕ್ತಾರೆ. ಅದರ ತೂತುಗಳು ಕೂದಲೆಳೆ ಆಚೀಚೆ ಆದ್ರೂ ಎಂಜಿನ್ನಿನ ನಡುಗೆರೆ ಮತ್ತು ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆ ಒಂದಾಗಲ್ಲ. ಮೊದಲು ಪೈಲಟ್ ಬೇರಿಂಗ್ ಹೋಗುತ್ತೆ, ಆಮೇಲೆ ಕ್ಲಚ್ ಪ್ಲೇಟಿನ ನಡುಭಾಗ ಸಡಿಲ ಆಗುತ್ತೆ, ಆಮೇಲೆ ಏರಿನಲ್ಲಿ ಗೇರ್ ತಾನಾಗೇ ಜಾರುತ್ತೆ. ಡಯಲ್ ಗೇಜ್ ಇಟ್ಟು ನೋಡಿ ಕೂರಿಸೋ ಲೇತ್‌ನವನಿಗೆ ಒಂದು ದಿನ ಜಾಸ್ತಿ ಕೊಡಿ, ಎರಡು ಸಾವಿರ ಜಾಸ್ತಿ ಕೊಡಿ. ಅದು ದುಂದಲ್ಲ. ಇನ್ನೊಂದು, ಜೀಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 80 ಅಂಗುಲ ಮಾತ್ರ ಅಂತರ. ಉದ್ದದ ಎಂಜಿನ್ ಕೂರಿಸಿ ಗೇರ್‌ಬಾಕ್ಸ್ ಹಿಂದೆ ತಳ್ಳಿದ್ರೆ ಹಿಂದಿನ ಪ್ರೊಪೆಲ್ಲರ್ ಮೋಟು ಆಗಿ ಕಡಿದಾಗಿ ಇಳಿಯುತ್ತೆ. ಅದರ ಮೇಲೆ ಪ್ಲೇಟು ಎತ್ತರಿಸಿದ್ರಂತೂ ಕ್ರಾಸ್ ಬೇಗ ಬೇಗ ಸವೆಯುತ್ತೆ.

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು, ಆಕ್ಸೆಲ್. ಸಿಜೆ-3ಬಿಯಲ್ಲಿ ಫಸ್ಟ್ ಗೇರ್ 2.8, ಲೋ ಗೇರ್ 2.46, ಕ್ರೌನ್ 5.38. ಮೂರನ್ನೂ ಗುಣಿಸಿ. 37 ಬರುತ್ತೆ. ಲೋ ಫಸ್ಟ್‌ನಲ್ಲಿ ಎಂಜಿನ್ನಿನ ತಿರುಚು ಶಕ್ತಿ 37 ಪಟ್ಟಾಗಿ ಆಕ್ಸೆಲ್ ಮೇಲೆ ಬೀಳುತ್ತೆ. ಕೆಸರಲ್ಲಿ ಚಕ್ರ ಗರಗರ ತಿರುಗ್ತಿರುವಾಗ ಶಾಫ್ಟಿಗೆ ಏನೂ ಆಗಲ್ಲ. ತಿರುಗೋ ಚಕ್ರ ತಟ್ಟನೆ ಒಂದು ಕಲ್ಲು ಹಿಡಿದು ನಿಂತಾಗ ಟಕ್ ಅಂತ ಮುರಿಯುತ್ತೆ. ದೊಡ್ಡ ಟೈರು ಹಾಕಿದ್ರೆ ಇದು ಇನ್ನೂ ಜಾಸ್ತಿ. 28.5 ಅಂಗುಲದ ಟೈರಿನ ಜಾಗದಲ್ಲಿ 31 ಅಂಗುಲದ್ದು ಹಾಕಿದ್ರೆ ಅದೇ ಎಳೆತಕ್ಕೆ ಆಕ್ಸೆಲ್ ಮೇಲೆ ನೂರಕ್ಕೆ ಒಂಬತ್ತರಷ್ಟು ಹೆಚ್ಚು ಭಾರ. ಬ್ರೇಕಿಗೂ ಅಷ್ಟೇ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಯುದ್ಧದ ಕಾಲದ ವಿಲ್ಲಿಸ್ ಎಂಬಿಯ ಹಿಂದಿನ ಆಕ್ಸೆಲ್ ಲಾರಿಯ ತರ. ಚಕ್ರ ಕೂರೋದು ಹೌಸಿಂಗ್ ಮೇಲಿನ ಬೇರಿಂಗ್‌ನಲ್ಲಿ, ಶಾಫ್ಟು ತಿರುಗಿಸೋ ಕೆಲಸ ಮಾತ್ರ ಮಾಡುತ್ತೆ. ಶಾಫ್ಟ್ ಮುರಿದ್ರೆ ಎಳೆದು ಹೊರಗೆ ಹಾಕಿ, ಮುಂದಿನ ಚಕ್ರದ ಎಳೆತದಲ್ಲಿ ಮನೆ ಸೇರಬಹುದು. ಸಿಜೆ-3ಬಿಯಲ್ಲಿ ಹಾಗಲ್ಲ. ಚಕ್ರದ ಹಬ್ಬು ಶಾಫ್ಟಿನ ಚೂಪು ತುದಿ ಮೇಲೇ ಕೂತಿರುತ್ತೆ, ಮಧ್ಯೆ ಒಂದು ಸಣ್ಣ ಚೌಕದ ಕೀ, ಹೊರಗಡೆ ನಟ್ಟು. ಬೇರಿಂಗ್ ಹತ್ರ ಶಾಫ್ಟ್ ಮುರಿದ್ರೆ ಚಕ್ರವೇ ಕಳಚಿ ಹೋಗಬಹುದು. ಅದರಲ್ಲಿ ಓಡಿಸ್ಕೊಂಡು ಬರೋ ಮಾತೇ ಇಲ್ಲ. ನಿಮ್ಮ ಜೀಪಿನದ್ದು ಯಾವ ತರ ಅಂತ ಇವತ್ತೇ ನೋಡಿಕೊಳ್ಳಿ, ಗುಡ್ಡದ ಮೇಲೆ ಕತ್ತಲಲ್ಲಿ ಅಲ್ಲ.

ಈ ಕೀ ವಿಚಾರದಲ್ಲಿ ನಮ್ಮ ಮನೆಯದೇ ಒಂದು ಕಥೆ ಇದೆ. ತೊಂಬತ್ತರ ದಶಕ. ನಮ್ಮ ದೊಡ್ಡಪ್ಪ ಅರೇಹಳ್ಳಿಯಿಂದ ಒಳಗೆ ಸಣ್ಣ ಕಾಫಿ ತೋಟ ನೋಡ್ಕೊಂಡಿದ್ರು. ಡೀಸೆಲ್ ಕೂರಿಸಿದ ಹಳೇ ಸಿಜೆ-3ಬಿ ಇತ್ತು. ಜುಲೈ ತಿಂಗಳು, ಮಳೆಗೆ ಶಾಲೆಗೆ ರಜಾ ಕೊಟ್ಟಿದ್ರು ಅಂತ ನಾನೂ ಅಲ್ಲೇ ಇದ್ದೆ. ರಾತ್ರಿ ಹತ್ತು ಗಂಟೆ ಮೇಲೆ ಲೈನ್ ಮನೆಯಿಂದ ಓಡಿ ಬಂದ್ರು. ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು, ಎಷ್ಟು ಹೊತ್ತಾದ್ರೂ ಹೆರಿಗೆ ಆಗ್ತಿಲ್ಲ, ರಕ್ತ ಹೋಗ್ತಿದೆ. ಬೇಲೂರಿಗೆ ಹೋಗಲೇಬೇಕು.

ಲೈನ್ ಮನೆಯಿಂದ ರಸ್ತೆಗೆ ಒಂದು ಏರು. ಅರ್ಧ ಹತ್ತಿದ್ದೇವೆ, ಹಿಂದೆ ಟಕ್ ಅಂತ ಸದ್ದಾಯ್ತು. ಎಂಜಿನ್ ಕೂಗ್ತಿದೆ, ಗಾಡಿ ಹಿಂದಕ್ಕೆ ಜಾರ್ತಿದೆ. ದೊಡ್ಡಪ್ಪ ಹ್ಯಾಂಡ್‌ಬ್ರೇಕ್ ಎಳೆದ್ರು, ಹಿಡೀಲಿಲ್ಲ. ಕಾಲಿನ ಬ್ರೇಕ್ ಹಿಡೀತು. "ಕಲ್ಲು ಕೊಡೋ, ಕಲ್ಲು ಕೊಡು" ಅಂದ್ರು. ನಾನು ಇಳಿದು ಎರಡೂ ಚಕ್ರಕ್ಕೆ ಕಲ್ಲು ಕೊಟ್ಟೆ. ಬ್ಯಾಟರಿ ಹಾಕಿ ನೋಡಿದ್ರೆ ಎಡಗಡೆ ಹಿಂದಿನ ಚಕ್ರದ ಕೀ ಕತ್ತರಿಸಿ ಹೋಗಿದೆ. ಶಾಫ್ಟು ಒಳಗೆ ಸುಮ್ಮನೆ ತಿರುಗುತ್ತೆ, ಚಕ್ರ ನಿಂತಿರುತ್ತೆ. ಆ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಇರೋದು ಗೇರ್‌ಬಾಕ್ಸ್ ಹಿಂದೆ, ಅದು ಹಿಡಿಯೋದು ಪ್ರೊಪೆಲ್ಲರನ್ನ. ಚಕ್ರಕ್ಕೂ ಶಾಫ್ಟಿಗೂ ಸಂಬಂಧ ತಪ್ಪಿದ ಮೇಲೆ ಅದು ಹಿಡಿದ್ರೂ ಪ್ರಯೋಜನ ಇಲ್ಲ. ಈ ಮಾತು ದಯವಿಟ್ಟು ನೆನಪಿಡಿ. ಹಿಂದಿನ ಆಕ್ಸೆಲ್, ಕ್ರಾಸ್, ಪ್ರೊಪೆಲ್ಲರ್ ಯಾವುದಕ್ಕೆ ಏಟು ಬಿದ್ರೂ ಮೊದಲು ಚಕ್ರಕ್ಕೆ ಕಲ್ಲು, ಆಮೇಲೆ ಗಾಡಿ ಕೆಳಗೆ ತಲೆ.

ದೊಡ್ಡಪ್ಪ ನಟ್ಟು ಬಿಗಿಯಾಗಿದೆಯಾ ನೋಡಿದ್ರು. ಚಕ್ರ ಕಳಚಲ್ಲ ಅಂತ ಖಾತ್ರಿ ಮಾಡ್ಕೊಂಡು ಫೋರ್ ವೀಲ್ ಹಾಕಿ, ಲೋ ಹಾಕಿದ್ರು. ಏರಿನಲ್ಲಿ ಗಾಡಿ ಭಾರವೆಲ್ಲ ಹಿಂದಕ್ಕೆ ಬೀಳೋದರಿಂದ ಮುಂದಿನ ಚಕ್ರ ಬರೀ ಕೆರೆದವು, ಹತ್ತಲಿಲ್ಲ. ಆಗ ಅವರು ಗಾಡಿಯನ್ನ ಮೆಲ್ಲಗೆ ಕೆಳಗೆ ಲೈನ್ ಮನೆ ಅಂಗಳಕ್ಕೆ ಬಿಟ್ಟು, ತಿರುಗಿಸಿ, ರಿವರ್ಸ್‌ನಲ್ಲಿ ಏರು ಹತ್ತಿಸಿದ್ರು. ರಿವರ್ಸ್ ಹತ್ತುವಾಗ ಮುಂದಿನ ಚಕ್ರ ಕೆಳಗಡೆ ಇರುತ್ತೆ, ಭಾರ ಅದರ ಮೇಲೆ ಕೂರುತ್ತೆ, ಹಿಡಿತ ಸಿಗುತ್ತೆ. ನಾನು ಮತ್ತೆ ಇನ್ನಿಬ್ಬರು ಹಿಂದೆ ಬ್ಯಾಟರಿ ಹಿಡ್ಕೊಂಡು ದಾರಿ ತೋರಿಸಿದ್ವಿ. ರಸ್ತೆಗೆ ಬಂದ ಮೇಲೆ ತಿರುಗಿಸಿ, ಫೋರ್ ವೀಲ್‌ನಲ್ಲೇ ಬೇಲೂರು ಆಸ್ಪತ್ರೆ. ತಾಯಿ, ಮಗು ಇಬ್ಬರೂ ಉಳಿದ್ರು.

ಮಾರನೇ ವಾರ ರಿಪೇರಿಗೆ ಬಿಟ್ಟಾಗ ವರ್ಕ್‌ಶಾಪ್‌ನವರು, "ಹಬ್ಬನ್ನೇ ಶಾಫ್ಟಿಗೆ ವೆಲ್ಡ್ ಮಾಡಿಬಿಡೋಣ, ಇನ್ನು ಜನ್ಮದಲ್ಲಿ ಜಾರಲ್ಲ" ಅಂದ್ರಂತೆ. ದೊಡ್ಡಪ್ಪ ಬೇಡ ಅಂದ್ರು. "ಕೀ ಮುರಿದ್ರೆ ಚಕ್ರ ಗಾಡೀಲೇ ಇರುತ್ತೆ. ಕೀ ಮುರಿಯೋಕೆ ಬಿಡದಿದ್ರೆ ಶಾಫ್ಟ್ ಮುರಿಯುತ್ತೆ, ಆಗ ಚಕ್ರ ಒಂದು ಕಡೆ ನಾವೊಂದು ಕಡೆ." ಹೊಸ ಕೀ ಹಾಕಿಸಿ, ನಟ್ಟು ಸರಿಯಾಗಿ ಬಿಗಿಸಿ, ಎರಡು ಕೀ ಜಾಸ್ತಿ ತಂದು ಡಬ್ಬಿಯಲ್ಲಿಟ್ಟರು. ನಾವು ರೋಟವೇಟರ್‌ಗೆ ಷಿಯರ್ ಬೋಲ್ಟ್ ಹಾಕ್ತೀವಲ್ಲ, ಅದೇ ಲೆಕ್ಕ. ಕಲ್ಲು ಸಿಕ್ಕಾಗ ಬೋಲ್ಟ್ ಹೋಗಲಿ, ಗೇರ್‌ಬಾಕ್ಸ್ ಉಳೀಲಿ ಅಂತ. ಷಿಯರ್ ಬೋಲ್ಟ್ ಪದೇ ಪದೇ ಹೋಗುತ್ತೆ ಅಂತ ಅಲ್ಲಿ ಗಟ್ಟಿ ಬೋಲ್ಟ್ ಹಾಕಿದವರ ಗತಿ ನಿಮಗೆಲ್ಲ ಗೊತ್ತಿದೆ.

ನೀರಿನಲ್ಲೂ ಇದೇ ಕಥೆ ನಡೀತು. ಪೆಟ್ರೋಲ್ ಜೀಪು ಮೊಣಕಾಲು ನೀರಿಗೇ ನಿಲ್ತಿತ್ತು. ಡೀಸೆಲ್‌ಗೆ ಕಿಡಿ ಬೇಡ, ಅದಕ್ಕೇ ನೀರಿಗೆ ನಿಲ್ಲಲ್ಲ, ಧೈರ್ಯವಾಗಿ ಹೋಗುತ್ತೆ. ಆದರೆ ಏರ್ ಕ್ಲೀನರ್ ಮುಳುಗಿ ಎಂಜಿನ್ ನೀರು ಎಳೆದುಕೊಂಡ್ರೆ ಮುಗೀತು. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತೆ. ಪೆಟ್ರೋಲ್ ಜೀಪು ಬೇಗ ನಿಂತು ಎಂಜಿನ್ ಉಳಿಸ್ತಿತ್ತು, ಡೀಸೆಲ್ ಜೀಪು ತಡವಾಗಿ ನಿಂತು ಎಂಜಿನ್ ಕಳೀತು. ಹಳ್ಳದ ಮಧ್ಯೆ ಡೀಸೆಲ್ ಗಾಡಿ ನಿಂತ್ರೆ ಸೆಲ್ಫ್ ಹೊಡೀಬೇಡಿ. ಎಳೆಸಿ ದಡಕ್ಕೆ ತನ್ನಿ. ಏರ್ ಕ್ಲೀನರ್ ಒಳಗೆ ನೀರಿದ್ರೆ ನಾಜಲ್ ಬಿಚ್ಚಿ, ಕೈಯಲ್ಲಿ ಎಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ, ಆಮೇಲೆ ಮುಂದಿನ ಮಾತು. ಬರೀ ಏರ್ ಹಿಡಿದು ನಿಂತಿದ್ರೆ ನಮಗೆಲ್ಲ ಬರೋ ಕೆಲಸವೇ: ಫಿಲ್ಟರ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ, ಗುಳ್ಳೆ ನಿಂತ ಮೇಲೆ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ ನಟ್ಟು.

ಬ್ರೇಕ್ ವಿಚಾರ ಬಿಡೋ ಹಾಗಿಲ್ಲ. ಹಳೇ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆ ಸಾಲು. ಒಂದು ಪೈಪು ಕಲ್ಲಿಗೆ ತಗುಲಿ ತೂತಾದ್ರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಭಾರದ ಎಂಜಿನ್ನು, ದೊಡ್ಡ ಟೈರು ಹಾಕಿಸಿದವರು ಬ್ರೇಕ್ ಮಾತ್ರ 1,100 ಕೆಜಿ ಗಾಡಿಯದ್ದೇ ಇಟ್ಕೊಂಡಿದ್ದಾರೆ. ದುಡ್ಡು ಖರ್ಚು ಮಾಡೋ ಹಾಗಿದ್ರೆ ಮೊದಲು ಎರಡು ಸಾಲಿನ ಮಾಸ್ಟರ್ ಸಿಲಿಂಡರ್ ಹಾಕಿಸಿ. ಲೈಟು, ವಿಂಚು, ಬಣ್ಣ ಎಲ್ಲ ಆಮೇಲೆ. ಹಳ್ಳ ದಾಟಿದ ಮೇಲೆ ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸೋದನ್ನ ಮರೀಬೇಡಿ.

ಈಗಿನ ಗಾಡಿಗಳಲ್ಲಿ ಮುರಿಯೋ ಜಾಗ ಮತ್ತೆ ಸರಿದಿದೆ. 2010ರಲ್ಲಿ ಥಾರ್ ಬಂತು, 2020ರಲ್ಲಿ ಹೊಸ ಥಾರ್. ಮಲೇಷ್ಯಾದಲ್ಲಿ 1997ರಲ್ಲಿ ಶುರುವಾದ ರೇನ್ ಫಾರೆಸ್ಟ್ ಚಾಲೆಂಜ್ ಸ್ಪರ್ಧೆ 2014ರಲ್ಲಿ ನಮ್ಮ ಪಕ್ಕದ ಗೋವಾಕ್ಕೂ ಬಂತು, ನೋಡಿದ ಹುಡುಗರಿಗೆಲ್ಲ ಹುಮ್ಮಸ್ಸು. ಹೊಸ ಗಾಡಿಯ ಎಂಜಿನ್, ಆಕ್ಸೆಲ್ ಗಟ್ಟಿ ಇವೆ. ಅವುಗಳಲ್ಲಿ ಕೈ ಕೊಡೋದು ವೈರು, ಸೆನ್ಸರು. ವೈರಿಂಗ್ ಮಧ್ಯೆ ಕಟ್ ಮಾಡಿ, ಫ್ಯೂಸ್ ಇಲ್ಲದೆ, ರಿಲೇ ಇಲ್ಲದೆ ಲೈಟ್ ಹಾಕಿಸಿದ್ರೆ ಬೆಂಕಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಹಿಂದೆ ಲೇತ್‌ನವನ ಕೈಲಿದ್ದ ಕೆಲಸ ಈಗ ವೈರಿಂಗ್ ಮಾಡೋನ ಕೈಲಿದೆ.

ಕಾನೂನಿನ ಮಾತೂ ಹೇಳಿಬಿಡ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಸೇರಿತು. ಎಂಜಿನ್ ಬದಲಾಯಿಸೋದಿದ್ರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅನುಮತಿ ತಗೊಂಡು, ಆರ್‌ಸಿಯಲ್ಲಿ ಬರೆಸಿ. ಬರೆಸದೆ ಓಡಿಸಿ ಅಪಘಾತ ಆದ್ರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯೋದು ಅದನ್ನೇ. ಅರಣ್ಯದ ಒಳಗೆ ನುಗ್ಗಿಸಬೇಡಿ, ಯಾರದೋ ಬದು ಕಿತ್ತು ಹೋಗಬೇಡಿ. ನಾವೂ ಹೊಲ ಇಟ್ಕೊಂಡೋರೇ.

ಕೊನೆಗೆ, ಹೊರಡೋ ಮುಂಚೆ ಗಾಡಿಯಲ್ಲಿ ಇರಬೇಕಾದ್ದು. ಫ್ಯಾನ್ ಬೆಲ್ಟ್, ಒಂದು ಕ್ರಾಸ್, ಎರಡು ಸೆಂಟರ್ ಬೋಲ್ಟ್, ಆಕ್ಸೆಲ್ ಕೀ, ಫ್ಯೂಸು, ಬ್ರೇಕ್ ಎಣ್ಣೆ, ಡೀಸೆಲ್ ಫಿಲ್ಟರ್, ಬೈಂಡಿಂಗ್ ವೈರು, ಐದು ಲೀಟರ್ ನೀರು, ಸರಪಳಿ, ಮರದ ಎರಡು ದಿಮ್ಮಿ. ಟ್ಯೂಬ್ ಇರೋ ಟೈರಿನಲ್ಲಿ ಕೆಸರಿಗೆ ಅಂತ ತೀರಾ ಗಾಳಿ ಇಳಿಸಬೇಡಿ, ಟೈರು ರಿಮ್ಮಿನ ಮೇಲೆ ಜಾರಿ ವಾಲ್ವು ಕಿತ್ತು ಬರುತ್ತೆ. ಹೂತ ಚಕ್ರಕ್ಕೆ ನಮ್ಮಲ್ಲಿ ತೆಂಗಿನ ಗರಿ, ಮಟ್ಟೆಗೆ ಬರ ಇಲ್ಲ, ಅದನ್ನೇ ಹಾಕಿ. ಟ್ರ್ಯಾಕ್ಟರ್‌ನಲ್ಲಿ ಎಳೆಸುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಹಗ್ಗ ಹರಿದ್ರೆ ಅದರ ಏಟು ತಗ್ಗುತ್ತೆ. ಬಂಪರಿಗೆ ಕಟ್ಟಬೇಡಿ, ಚಾಸಿಗೆ ಕಟ್ಟಿ. ಹಗ್ಗದ ಅಕ್ಕಪಕ್ಕ ಯಾರೂ ನಿಲ್ಲಬಾರದು, ದಾಟಲೂಬಾರದು.

ಇಷ್ಟಾದ ಮೇಲೂ ಏನೋ ಒಂದು ಮುರಿಯುತ್ತೆ. ಗಾಡಿ ಮಾಡಿಸುವಾಗ ಮೆಕ್ಯಾನಿಕ್‌ಗೆ "ಎಷ್ಟು ಗಟ್ಟಿ ಮಾಡ್ತೀಯಾ" ಅಂತ ಕೇಳೋ ಬದಲು, "ಇದು ಗಟ್ಟಿ ಆದ್ರೆ ಇನ್ನು ಮುರಿಯೋದು ಯಾವುದು? ಅದನ್ನ ನಾನು ತೋಟದಲ್ಲಿ ನಿಂತು ಬದಲಾಯಿಸಬಹುದಾ?" ಅಂತ ಕೇಳಿ. ಬದಲಾಯಿಸೋಕಾಗಲ್ಲ ಅಂದ್ರೆ ಆ ಬದಲಾವಣೆ ಬೇಡ. ನಿಮ್ಮ ಮನೆಯಲ್ಲಿ ಹಳೇ ಜೀಪಿದ್ದು, ಎಂಜಿನ್ ಬದಲಾಯಿಸಿದ ಕಾಲ ನೆನಪಿರೋ ಹಿರಿಯರಿದ್ರೆ ಅವರನ್ನ ಕೂರಿಸಿ ಕೇಳಿ, ಬರೆದಿಡಿ. ಯಾವ ಏರಿನಲ್ಲಿ ಏನು ಮುರೀತು, ಹೆಂಗೆ ಮನೆ ಸೇರಿದ್ರು ಅನ್ನೋದು ಅವರ ತಲೆಯಲ್ಲಿ ಮಾತ್ರ ಇದೆ.